ಬಿಎಸ್‌ಡಬ್ಲ್ಯೂ ಅಂದರೆ ಏನು ಓದ್ತಾರೆ? ಸಮಾಜ ಕಾರ್ಯ ಪದವಿಯ ಒಳಹೊರಗು

ಪಿಯುಸಿ ಫಲಿತಾಂಶ ಬಂದ ವಾರ ಮನೆಮನೆಯಲ್ಲೂ ಒಂದು ಪಂಚಾಯ್ತಿ ನಡೆಯುತ್ತದೆ. ಬಿಕಾಮಾ, ನರ್ಸಿಂಗಾ, ಡಿಪ್ಲೊಮಾನಾ ಅಂತ ಮಾತು ಸಾಗಿರುವಾಗ ಮಗಳು "ನಾನು ಬಿಎಸ್‌ಡಬ್ಲ್ಯೂ ಮಾಡ್ತೀನಿ" ಅಂದರೆ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಅಪ್ಪನಿಗೆ ಅದರ ಹೆಸರೇ ಗೊತ್ತಿಲ್ಲ. ಚಿಕ್ಕಮ್ಮನಿಗೆ ಅರ್ಧ ಗೊತ್ತು. "ಸಮಾಜ ಸೇವೆ ಮಾಡೋಕೆ ಡಿಗ್ರಿ ಯಾಕೆ? ದುಡ್ಡಿದ್ದೋರು ಮಾಡ್ತಾರಪ್ಪ ಅದನ್ನ."

ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ಆಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. "ಎನ್‌ಜಿಓ ಕೆಲಸ ಸಿಗುತ್ತೆ" ಅಂತ ಏನೋ ಒಂದು ಹೇಳಿ ಪಾರಾದೆ. ಈಗ ಪದವಿ ಮೂರು ವರ್ಷವೋ ನಾಲ್ಕು ವರ್ಷವೋ ಅನ್ನುವ ಗೊಂದಲವೂ ಸೇರಿಕೊಂಡು, ಕೇಳುವವರು ಜಾಸ್ತಿಯಾಗಿದ್ದಾರೆ. ಹಾಗಾಗಿ ಬುಡದಿಂದಲೇ ಶುರು ಮಾಡೋಣ.

## ಸೇವೆ ಬೇರೆ, ಕಾರ್ಯ ಬೇರೆ

ಬಿಎಸ್‌ಡಬ್ಲ್ಯೂ ಅಂದರೆ ಬ್ಯಾಚುಲರ್ ಆಫ್ ಸೋಶಿಯಲ್ ವರ್ಕ್. ಕನ್ನಡದಲ್ಲಿ ಸಮಾಜ ಕಾರ್ಯ ಪದವಿ. ಇದಕ್ಕೆ ಹತ್ತಿರದ ಎರಡು ಹೆಸರುಗಳಿವೆ. ಮೂರನ್ನೂ ಜನ ಕಲಸಿಬಿಡುತ್ತಾರೆ.

ಸಮಾಜಶಾಸ್ತ್ರ ಅನ್ನುವುದು ಸಮಾಜ ಹೇಗೆ ನಡೆಯುತ್ತದೆ ಅಂತ ಅಧ್ಯಯನ ಮಾಡುವ ವಿಷಯ. ಜಾತಿ, ಕುಟುಂಬ, ನಗರ, ವಲಸೆ ಎಲ್ಲ ಅದರಲ್ಲಿ ಬರುತ್ತವೆ. ಸಮಾಜ ಸೇವೆ ಅನ್ನುವುದು ಯಾರು ಬೇಕಾದರೂ ಮಾಡಬಹುದಾದ ಒಳ್ಳೆಯ ಕೆಲಸ. ಜಾತ್ರೆಯಲ್ಲಿ ಮಜ್ಜಿಗೆ ಕೊಡುವುದು, ಶಾಲೆಗೆ ನೋಟ್‌ಬುಕ್ ಹಂಚುವುದು ಇತ್ಯಾದಿ. ಸಮಾಜ ಕಾರ್ಯ ಇವೆರಡರ ನಡುವೆ ಎಲ್ಲೋ ಇದೆ. ಕಷ್ಟದಲ್ಲಿರುವವರ ಜೊತೆ ಕೂತು, ಕಷ್ಟದ ಬೇರು ಎಲ್ಲಿದೆ ಅಂತ ಹುಡುಕಿ, ಅವರೇ ಅದನ್ನು ದಾಟುವಂತೆ ಮಾಡುವ ಕಸುಬು ಅದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ಅಜ್ಜಿ. ಅವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿತ್ತು. ಮೂರು ತಿಂಗಳಿಂದ ಬಂದಿಲ್ಲ. ಮಾತ್ರೆಗೆ ದುಡ್ಡಿಲ್ಲ. ಪಕ್ಕದ ಬೀದಿಯವರೊಬ್ಬರು ಐನೂರು ರೂಪಾಯಿ ಕೈಗಿಟ್ಟರು. ದೊಡ್ಡ ಮನಸ್ಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ತಿಂಗಳು?

ತರಬೇತಿ ಪಡೆದವರು ಬಂದರೆ ಮೊದಲು ಕೂರುತ್ತಾರೆ. "ಅಜ್ಜಿ, ನಿಮ್ಮ ಹೆಸರಲ್ಲಿ ಎಷ್ಟು ಪಾಸ್‌ಬುಕ್ ಇವೆ?" ಅಂತ ಕೇಳುತ್ತಾರೆ. ಟ್ರಂಕಿನ ತಳದಿಂದ ಎರಡು ಬರುತ್ತವೆ. ಒಂದು ಹಳೆಯದು. ಇನ್ನೊಂದನ್ನು ಸಂಘದ ಸಾಲಕ್ಕೆ ಅಂತ ಈಚೆಗೆ ಯಾರೋ ಮಾಡಿಸಿಕೊಟ್ಟಿದ್ದು. ಆಧಾರ್ ಮೂಲಕ ಬರುವ ಸರ್ಕಾರದ ಹಣ ಕೊನೆಯದಾಗಿ ಯಾವ ಖಾತೆಗೆ ಆಧಾರ್ ಜೋಡಿಸಿ ಮ್ಯಾಪಿಂಗ್ ಆಗಿರುತ್ತದೋ ಆ ಖಾತೆಗೆ ಹೋಗಿ ಬೀಳುತ್ತದೆ. ಹಳೆಯ ಬ್ಯಾಂಕಿಗೆ ಹೋಗಿ ಹೋಗಿ ಬರಿಗೈಯಲ್ಲಿ ವಾಪಸ್ ಬರುತ್ತಿದ್ದ ಅಜ್ಜಿಯ ದುಡ್ಡು ಹೊಸ ಖಾತೆಯಲ್ಲಿ ಹಾಗೇ ಕೂತಿದೆ. ಪಿಂಚಣಿ ನಿಂತೇ ಇರಲಿಲ್ಲ!

ಇಲ್ಲಿ ಯಾರೂ ಒಂದು ರೂಪಾಯಿ ಕೊಡಲಿಲ್ಲ. ಸರಿಯಾದ ಪ್ರಶ್ನೆ ಕೇಳಿದರು. ಆ ಪ್ರಶ್ನೆ ಯಾವುದು, ಅದನ್ನು ಅಜ್ಜಿ ಗಾಬರಿಯಾಗದ ಹಾಗೆ ಕೇಳುವುದು ಹೇಗೆ, ಸಿಕ್ಕ ಉತ್ತರವನ್ನು ಹಿಡಿದು ಯಾವ ಕಚೇರಿಗೆ ಹೋಗಬೇಕು. ಪದವಿಯಲ್ಲಿ ಕಲಿಸುವುದು ಹೆಚ್ಚುಕಮ್ಮಿ ಇದನ್ನೇ.

## ಈ ಓದು ಎಲ್ಲಿಂದ ಬಂತು

ಬಡವರಿಗೆ ದಾನ ಕೊಡುವುದು ಎಲ್ಲ ದೇಶದಲ್ಲೂ ಇತ್ತು. ಅದನ್ನು ಕಲಿತು ಮಾಡಬೇಕಾದ ಕೆಲಸ ಅಂತ ನೋಡಲು ಶುರುವಾದದ್ದು ಕಾರ್ಖಾನೆಗಳು ಬಂದ ಮೇಲೆ. ಊರು ಬಿಟ್ಟು ನಗರಕ್ಕೆ ಬಂದವರ ಕಷ್ಟ ಹೊಸ ಥರದ್ದು. ಅಲ್ಲಿ ನೆಂಟರಿಲ್ಲ, ಜಮೀನಿಲ್ಲ, ಬಾಡಿಗೆ ಮಾತ್ರ ಇದೆ. 1889ರಲ್ಲಿ ಜೇನ್ ಆಡಮ್ಸ್ ಎಂಬಾಕೆ ಮತ್ತು ಅವರ ಗೆಳತಿ ಅಮೆರಿಕದ ಷಿಕಾಗೋದ ವಲಸಿಗರ ಬಡಾವಣೆಯಲ್ಲೇ ಮನೆ ಮಾಡಿ, ಅಲ್ಲೇ ಉಳಿದು ಕೆಲಸ ಮಾಡಿದರು. ಅದೇ ಹಲ್ ಹೌಸ್. ಆಡಮ್ಸ್ ಅವರಿಗೆ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದೇ ಕಾಲದಲ್ಲಿ ಮೇರಿ ರಿಚ್ಮಂಡ್ ಎಂಬಾಕೆ, ಒಂದು ಕುಟುಂಬದ ಕಷ್ಟವನ್ನು ವೈದ್ಯರು ರೋಗ ಪತ್ತೆ ಮಾಡುವ ಹಾಗೆ ಹಂತಹಂತವಾಗಿ ಅರ್ಥ ಮಾಡಿಕೊಳ್ಳಬಹುದು ಅಂತ 1917ರಲ್ಲಿ ಬರೆದು ತೋರಿಸಿದರು.

ನಮ್ಮಲ್ಲಿಗೆ ಅದು ಬಂದದ್ದು ಮುಂಬೈ ಮೂಲಕ. ಅಲ್ಲಿನ ನಾಗಪಾಡಾದಲ್ಲಿ ನೆರೆಹೊರೆ ಕೇಂದ್ರ ನಡೆಸುತ್ತಿದ್ದ ಅಮೆರಿಕದ ಪಾದ್ರಿ ಕ್ಲಿಫರ್ಡ್ ಮ್ಯಾನ್‌ಶಾರ್ಡ್ ಅವರ ಮುಂದಾಳತ್ವದಲ್ಲಿ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜ ಕಾರ್ಯ ಶಾಲೆ ಶುರುವಾಯಿತು. ಅದೇ ಮುಂದೆ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್ ಆಯಿತು. ಜನರ ಬಾಯಲ್ಲಿ ಟಿಸ್. ಕರ್ನಾಟಕದಲ್ಲಿ ಈ ಓದಿಗೆ ಹಳೆಯ ಹೆಸರು ಅಂದರೆ ಮಂಗಳೂರಿನ ರೋಶನಿ ನಿಲಯ. ಅದು ಶುರುವಾದದ್ದು 1960ರಲ್ಲಿ. ಈಗ ಬಿಎಸ್‌ಡಬ್ಲ್ಯೂ ರಾಜ್ಯದ ಹಲವು ಪದವಿ ಕಾಲೇಜುಗಳಲ್ಲಿ ಸಿಗುತ್ತದೆ. ಕೆಲವು ಕಡೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲೂ ಇದೆ.

## ಒಬ್ಬರು, ಒಂದು ಗುಂಪು, ಒಂದು ಊರು

ಸಿಲೆಬಸ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು "ವಿಧಾನಗಳು" ಅನ್ನುವ ಮಾತು. ಮುಖ್ಯವಾದವು ಮೂರು. ಅಜ್ಜಿಯನ್ನೇ ಹಿಡಿದುಕೊಂಡು ನೋಡೋಣ.

ಅಜ್ಜಿಯ ಜೊತೆ ಕೂತು ಪಾಸ್‌ಬುಕ್ ಹುಡುಕಿಸಿದ್ದು ವ್ಯಕ್ತಿಗತ ಸಮಾಜ ಕಾರ್ಯ. ಕಾಲೇಜಿನಲ್ಲಿ ಎಲ್ಲರೂ "ಕೇಸ್‌ವರ್ಕ್" ಅಂತಲೇ ಕರೆಯುತ್ತಾರೆ. ಒಬ್ಬರ ಅಥವಾ ಒಂದು ಕುಟುಂಬದ ವಿಷಯ ಅದು. ಪರಿಚಯ, ಮಾಹಿತಿ, ತೊಂದರೆಯ ಅಂದಾಜು, ಏನು ಮಾಡುವುದು ಅಂತ ಇಬ್ಬರೂ ಸೇರಿ ನಿರ್ಧಾರ, ಆಮೇಲೆ ಏನಾಯಿತು ಅಂತ ಮತ್ತೆ ನೋಡುವುದು. ಈ ಕೊನೆಯದನ್ನು ಫಾಲೋ ಅಪ್ ಅನ್ನುತ್ತಾರೆ. ಎಲ್ಲರೂ ಮರೆಯುವುದು ಇದನ್ನೇ.

ವಿಚಾರಿಸಿದರೆ ಅದೇ ಬೀದಿಯಲ್ಲಿ ಇನ್ನೂ ಏಳೆಂಟು ಮಂದಿಗೆ ಇದೇ ಗೋಳು. ಅವರನ್ನೆಲ್ಲ ಒಂದು ಕಡೆ ಕೂರಿಸಿದರೆ ಒಬ್ಬರ ಅನುಭವ ಇನ್ನೊಬ್ಬರಿಗೆ ದಾರಿ ತೋರಿಸುತ್ತದೆ. ಒಂಟಿಯಾಗಿ ಬ್ಯಾಂಕಿಗೆ ಹೋಗಲು ಹೆದರುವವರು ನಾಲ್ಕು ಜನ ಸೇರಿ ಹೋಗುತ್ತಾರೆ. ಇದು ಗುಂಪು ಕಾರ್ಯ. ಮದ್ಯ ಬಿಟ್ಟವರ ಗುಂಪು, ಕ್ಯಾನ್ಸರ್ ರೋಗಿಗಳ ಮನೆಯವರ ಗುಂಪು, ಹಾಸ್ಟೆಲ್ ಮಕ್ಕಳ ಗುಂಪು ಎಲ್ಲ ಇದರಲ್ಲೇ ಬರುತ್ತವೆ.

ಊರಿಗೇ ಬ್ಯಾಂಕ್ ದೂರ, ವಿಚಾರಿಸಲು ಯಾರೂ ಇಲ್ಲ ಅಂದಾಗ ಗ್ರಾಮಸಭೆಯಲ್ಲಿ ವಿಷಯ ಎತ್ತಿ, ತಿಂಗಳಿಗೊಮ್ಮೆ ಊರಿನಲ್ಲೇ ಶಿಬಿರ ಮಾಡಿಸುವುದು ಸಮುದಾಯ ಸಂಘಟನೆ. ಕರ್ನಾಟಕದವರಿಗೆ ಇದರ ದೊಡ್ಡ ಉದಾಹರಣೆ ಮನೆ ಬಾಗಿಲಲ್ಲೇ ಇದೆ: ಮಹಿಳೆಯರ ಸ್ವಸಹಾಯ ಸಂಘ. ಬೆಂಗಳೂರಿನಲ್ಲಿ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ 1980ರ ದಶಕದ ನಡುವಿನಲ್ಲಿ ಹಳ್ಳಿಗಳಲ್ಲಿ ಇಂಥ ಸಣ್ಣ ಉಳಿತಾಯ ಗುಂಪುಗಳನ್ನು ಕಟ್ಟಿತು. ಆ ಅನುಭವವನ್ನು ನೋಡಿಕೊಂಡೇ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ತಂದಿತು. ಇವತ್ತು ಸಂಘ ಇಲ್ಲದ ಊರು ಹುಡುಕುವುದೇ ಕಷ್ಟ, ಅಲ್ವಾ?

ಇವುಗಳ ಜೊತೆಗೆ ಸಂಸ್ಥೆ ನಡೆಸುವ ಬಗೆ, ಸಂಶೋಧನೆ, ನೀತಿಯೇ ತಪ್ಪಿದ್ದಾಗ ಅದರ ಬದಲಾವಣೆಗೆ ಜನರನ್ನು ಕೂಡಿಸುವ ಸಾಮಾಜಿಕ ಕ್ರಿಯೆ ಅನ್ನುವ ಇನ್ನೂ ಮೂರು ವಿಧಾನಗಳಿವೆ. ಪದವಿ ಹಂತದಲ್ಲಿ ಇವುಗಳ ಪರಿಚಯ ಮಾತ್ರ ಆಗುತ್ತದೆ.

ತರಗತಿಯಲ್ಲಿ ಉಳಿದದ್ದು ಇತರ ಕಲಾ ಪದವಿಗಳ ಥರವೇ. ಸಮಾಜಶಾಸ್ತ್ರ, ಮನಃಶಾಸ್ತ್ರ, ಮನುಷ್ಯನ ಬೆಳವಣಿಗೆ, ಕಲ್ಯಾಣ ಯೋಜನೆಗಳು, ಮಕ್ಕಳ ಮತ್ತು ಮಹಿಳೆಯರ ಕಾನೂನು, ಕನ್ನಡ, ಇಂಗ್ಲಿಷ್. ಇದರಲ್ಲಿ ತಲೆನೋವಿನದ್ದು ಏನೂ ಇಲ್ಲ.

## ವಾರಕ್ಕೆ ಎರಡು ದಿನ ಹೊರಗೆ

ಈ ಪದವಿಯ ಜೀವ ಇರುವುದು ಕ್ಷೇತ್ರಕಾರ್ಯದಲ್ಲಿ. ಎಲ್ಲರೂ ಹೇಳುವುದು "ಫೀಲ್ಡ್‌ವರ್ಕ್" ಅಂತ. ನರ್ಸಿಂಗ್ ಓದುವವರಿಗೆ ವಾರ್ಡ್ ಇದ್ದ ಹಾಗೆ, ಡ್ರೈವಿಂಗ್ ಕಲಿಯುವವರಿಗೆ ರಸ್ತೆ ಇದ್ದ ಹಾಗೆ. ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ತರಗತಿ ಇರುವುದಿಲ್ಲ. ಆ ದಿನ ವಿದ್ಯಾರ್ಥಿ ಒಂದು ಸಂಸ್ಥೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆ, ಅಂಗನವಾಡಿ, ಬಾಲಮಂದಿರ, ವೃದ್ಧಾಶ್ರಮ, ವ್ಯಸನಮುಕ್ತಿ ಕೇಂದ್ರ, ಗ್ರಾಮ ಪಂಚಾಯ್ತಿ, ಹೀಗೆ ಯಾವುದಾದರೂ ಆಗಬಹುದು. ಮೊದಲ ಸೆಮಿಸ್ಟರ್‌ನಲ್ಲಿ ಹತ್ತಾರು ಕಡೆ ಸುಮ್ನೆ ನೋಡಿ ಬರುವುದು. ಆಮೇಲೆ ಒಂದೇ ಕಡೆ ತಿಂಗಳುಗಟ್ಟಲೆ.

ಅಲ್ಲಿ ಇಬ್ಬರು ಮಾರ್ಗದರ್ಶಕರು. ಸಂಸ್ಥೆಯಲ್ಲಿ ಒಬ್ಬರು, ಕಾಲೇಜಿನಲ್ಲಿ ಒಬ್ಬರು. ಪ್ರತಿ ಸಲ ಹೋಗಿ ಬಂದ ಮೇಲೆ ವರದಿ ಬರೆಯಬೇಕು. ವಾರಕ್ಕೊಮ್ಮೆ ಕಾಲೇಜಿನ ಮಾರ್ಗದರ್ಶಕರ ಎದುರು ಕೂತು ಆ ವರದಿಯ ಮೇಲೆ ಮಾತಾಡಬೇಕು. ಇದಕ್ಕೆ ಐಸಿ ಅಂತ ಹೆಸರು, ಇಂಡಿವಿಜುವಲ್ ಕಾನ್ಫರೆನ್ಸ್. ಗುಂಪಿನಲ್ಲಿ ಮಾಡಿದರೆ ಜಿಸಿ. ವರ್ಷದ ಕೊನೆಗೆ ವೈವಾ, ಅಂದರೆ ಮೌಖಿಕ ಪರೀಕ್ಷೆ. ಕ್ಷೇತ್ರಕಾರ್ಯಕ್ಕೆ ಬೇರೆಯೇ ಅಂಕ. ಹಾಜರಿ ಕಡಿಮೆಯಾದರೆ ಥಿಯರಿಯಲ್ಲಿ ಎಷ್ಟೇ ತೆಗೆದರೂ ಪ್ರಯೋಜನವಿಲ್ಲ.

ನನ್ನ ಮೊದಲ ವರದಿ ಇನ್ನೂ ನೆನಪಿದೆ. ಒಂದು ಮನೆ ಭೇಟಿಗೆ ಹೋಗಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗಿ ಶಾಲೆಗೆ ಬರುವುದು ನಿಲ್ಲಿಸಿದ್ದಳು. ವಾಪಸ್ ಬಂದು ಉತ್ಸಾಹದಲ್ಲಿ ಬರೆದೆ: "ತಾಯಿಗೆ ಶಿಕ್ಷಣದ ಮಹತ್ವ ತಿಳಿದಿಲ್ಲ. ಮನೆ ಕೊಳಕಾಗಿತ್ತು." ಮೇಡಂ ಎರಡೂ ಸಾಲಿಗೆ ಕೆಂಪು ಗೆರೆ ಎಳೆದರು. ಪಕ್ಕದಲ್ಲಿ ಬರೆದಿದ್ದರು: "ಇದು ನಿನ್ನ ಅಭಿಪ್ರಾಯ. ನೀನು ಏನು ನೋಡಿದೆ? ಅವರು ಏನು ಹೇಳಿದರು?"

ಮತ್ತೆ ನೆನಪು ಮಾಡಿಕೊಂಡು ಬರೆದೆ. ಒಂದೇ ಕೋಣೆ. ಮೂಲೆಯಲ್ಲಿ ಒಗೆಯದ ಬಟ್ಟೆಯ ರಾಶಿ. ಹುಡುಗಿಯ ಸೊಂಟದ ಮೇಲೆ ಒಂದು ವರ್ಷದ ತಮ್ಮ. ತಾಯಿ ಗಾರ್ಮೆಂಟ್ಸ್‌ಗೆ ಹೋಗಲು ಚಪ್ಪಲಿ ಹಾಕಿಕೊಳ್ಳುತ್ತಾ ನಿಂತೇ ಮಾತಾಡಿದರು. "ಇವಳು ಹೋದ್ರೆ ಮಗೂನ ಯಾರು ನೋಡ್ಕೊತಾರೆ ಮೇಡಂ?" ಅಂದಿದ್ದರು. ಆ ಮಾತು ನನ್ನ ಕಿವಿಗೆ ಬಿದ್ದಿತ್ತು. ವರದಿಗೆ ಬಂದಿರಲಿಲ್ಲ. ತಾಯಿಗೆ ಶಿಕ್ಷಣದ ಮೇಲೆ ಭಾಷಣ ಬೇಕಿರಲಿಲ್ಲ. ಕೂಸನ್ನು ಬಿಡಲು ಒಂದು ಜಾಗ ಬೇಕಿತ್ತು. ಪಂಚಾಯ್ತಿಯ ಶಿಶುಪಾಲನಾ ಕೇಂದ್ರ "ಕೂಸಿನ ಮನೆ" ಎಲ್ಲಿದೆ ಅಂತ ವಿಚಾರಿಸಬೇಕು ಅನ್ನುವುದು ಎರಡನೇ ಸಲ ಬರೆದ ಮೇಲೆ ಹೊಳೆಯಿತು.

ಗ್ರಾಮೀಣ ಶಿಬಿರವೂ ಓದಿನ ಭಾಗ. ಒಂದು ವಾರ, ಹತ್ತು ದಿನ ಯಾವುದಾದರೂ ಹಳ್ಳಿಯ ಶಾಲೆಯಲ್ಲಿ ಉಳಿಯಬೇಕು. ಬೆಳಿಗ್ಗೆ ಚರಂಡಿ, ಶಾಲೆಯ ಅಂಗಳ ಕ್ಲೀನ್ ಮಾಡುವುದು. ಮಧ್ಯಾಹ್ನ ಮನೆಮನೆ ಸಮೀಕ್ಷೆ. ಸಂಜೆ ಬೀದಿ ನಾಟಕ. ರಾತ್ರಿ ಎಲ್ಲರೂ ಕೂತು ಇವತ್ತು ಏನು ತಪ್ಪಾಯಿತು ಅಂತ ಜಗಳ.

ಅಲ್ಲಿ ಮಾಡುವ ಒಂದು ಚಟುವಟಿಕೆಯನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಪಿಆರ್‌ಎ ಅನ್ನುತ್ತಾರೆ. ಜನರೇ ಸೇರಿ ತಮ್ಮ ಊರನ್ನು ಅಳೆದು ನೋಡುವ ಪದ್ಧತಿ. ದೇವಸ್ಥಾನದ ಮುಂದೆ ರಂಗೋಲಿ ಪುಡಿ, ಇಟ್ಟಿಗೆ ಪುಡಿ, ಹುಣಸೆ ಬೀಜ, ಬೇವಿನ ಎಲೆ ಇಟ್ಟು "ನಿಮ್ಮೂರ ನಕ್ಷೆ ಬಿಡಿಸಿ" ಅನ್ನುವುದು ಅಷ್ಟೇ. ಗಂಡಸರು ಬಿಡಿಸಿದರೆ ದೇವಸ್ಥಾನ, ಮುಖ್ಯ ರಸ್ತೆ, ಬೋರ್‌ವೆಲ್, ಹೊಲ ಬರುತ್ತವೆ. ಹೆಂಗಸರನ್ನು ಬೇರೆ ಕೂರಿಸಿ ಬಿಡಿಸಿದರೆ ನೀರು ಬರುವ ನಲ್ಲಿ, ಬರದ ನಲ್ಲಿ, ಬಟ್ಟೆ ಒಗೆಯುವ ಜಾಗ, ದೀಪ ಇಲ್ಲದ ತಿರುವು, ಸಾರಾಯಿ ಸಿಗುವ ಅಂಗಡಿ ಬರುತ್ತವೆ. ಎರಡೂ ಒಂದೇ ಊರು! ಪಂಚಾಯ್ತಿಯ ಕಡತದಲ್ಲಿ ಸಾಮಾನ್ಯವಾಗಿ ಇರುವುದು ಮೊದಲ ನಕ್ಷೆ ಮಾತ್ರ.

ಕ್ಷೇತ್ರಕಾರ್ಯದಿಂದ ದೊಡ್ಡ ಕೆಲಸಗಳೂ ಹುಟ್ಟಿವೆ. ತೊಂದರೆಯಲ್ಲಿರುವ ಮಕ್ಕಳಿಗಾಗಿ ಇರುವ 1098 ಸಹಾಯವಾಣಿ ನಿಮಗೆ ಗೊತ್ತಿರಬಹುದು. ಅದು 1996ರಲ್ಲಿ ಟಿಸ್‌ನ ಒಂದು ಕ್ಷೇತ್ರ ಯೋಜನೆಯಾಗಿ ಮುಂಬೈಯಲ್ಲಿ ಶುರುವಾದದ್ದು.

## "ಅಯ್ಯೋ ಪಾಪ" ಅನ್ನಬಾರದು ಯಾಕೆ

ಈ ಓದಿನಲ್ಲಿ ಕೆಲವು ನಿಯಮಗಳನ್ನು ಮೊದಲ ವರ್ಷದಿಂದಲೇ ತಲೆಗೆ ತುಂಬುತ್ತಾರೆ. 1950ರ ದಶಕದಲ್ಲಿ ಫೆಲಿಕ್ಸ್ ಬೀಸ್ಟೆಕ್ ಎಂಬ ಅಮೆರಿಕದ ಪಾದ್ರಿ ಮೇಷ್ಟ್ರು ಹೇಳಿದ ಏಳು ತತ್ವಗಳು ಈಗಲೂ ಪರೀಕ್ಷೆಗೆ ಬರುತ್ತವೆ. ಏಳನ್ನೂ ಇಲ್ಲಿ ಹೇಳುವುದಿಲ್ಲ. ಎರಡು ಮೂರು ಸಾಕು.

ಎದುರಿಗಿರುವವರನ್ನು ತೀರ್ಪು ಕೊಡದೆ ಒಪ್ಪಿಕೊಳ್ಳುವುದು ಒಂದು. ಕುಡಿದು ಬಂದವರಿಗೆ "ನಾಚಿಕೆ ಆಗಲ್ವಾ?" ಅಂದರೆ ಮಾತು ಅಲ್ಲಿಗೇ ಮುಗಿಯಿತು. "ಯಾವಾಗಿಂದ ಶುರುವಾಯ್ತು?" ಅಂದರೆ ಮುಂದುವರಿಯುತ್ತದೆ. "ಅಯ್ಯೋ ಪಾಪ" ಅನ್ನುವುದೂ ಒಂಥರಾ ತೀರ್ಪೇ. ಹಾಗಂದ ಕೂಡಲೇ ನಾವು ಮೇಲೆ, ಅವರು ಕೆಳಗೆ. ಸಹಾನುಭೂತಿ ಬೇರೆ, ಅವರ ಜಾಗದಲ್ಲಿ ನಿಂತು ನೋಡುವ ಪರಾನುಭೂತಿ ಬೇರೆ ಅಂತ ಪುಸ್ತಕದಲ್ಲಿ ಹೇಳುವುದು ಇದನ್ನೇ.

ನಿರ್ಧಾರ ಅವರದ್ದೇ ಅನ್ನುವುದು ಇನ್ನೊಂದು. ಹೊಡೆಯುವ ಗಂಡನನ್ನು ಬಿಟ್ಟು ಬರಲು ಒಬ್ಬ ಹೆಣ್ಣುಮಗಳು ಸಿದ್ಧಳಿಲ್ಲ ಅಂದರೆ ಅವಳನ್ನು ಎಳೆದುಕೊಂಡು ಬರುವ ಹಾಗಿಲ್ಲ. ಕಾನೂನು ಏನಿದೆ, ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರ ಎಲ್ಲಿದೆ, ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬಹುದು ಅಂತ ಹೇಳಿ, ಬಾಗಿಲು ತೆರೆದಿಟ್ಟು ಕಾಯಬೇಕು. ಹತ್ತೊಂಬತ್ತರ ವಯಸ್ಸಿನಲ್ಲಿ ಇದನ್ನು ಒಪ್ಪಿಕೊಳ್ಳುವುದು ತುಂಬಾ ಕಷ್ಟ. ನಮ್ಮಲ್ಲಿ ಎಷ್ಟೋ ಮಂದಿ ಅತ್ತಿದ್ದು ಇದೇ ವಿಷಯಕ್ಕೆ.

ಹೇಳಿದ ಗುಟ್ಟು ಕಾಪಾಡುವುದು ಮೂರನೆಯದು. ಇದಕ್ಕೆ ಕಾನೂನಿನ ಗಡಿ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದರೆ ಸುಮ್ಮನಿರುವ ಹಾಗಿಲ್ಲ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ವಿದ್ಯಾರ್ಥಿ ಅನ್ನುವ ಕಾರಣಕ್ಕೆ ವಿನಾಯಿತಿ ಇಲ್ಲ.

## ಮೂರು ವರ್ಷವಾ, ನಾಲ್ಕು ವರ್ಷವಾ?

ಗೊಂದಲಕ್ಕೆ ಕಾರಣ ಇದೆ. 2021–22ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದಾಗ ಪದವಿಗಳಿಗೆ ನಾಲ್ಕನೇ ವರ್ಷದ ಆನರ್ಸ್ ಸೇರಿತು. ಸರ್ಕಾರ ಬದಲಾದ ಮೇಲೆ, ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಆಧರಿಸಿ 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಹಾಗಾಗಿ ಅಕ್ಕ ಓದಿದ ಬಿಎಸ್‌ಡಬ್ಲ್ಯೂ ಬೇರೆ ಥರ, ತಂಗಿ ಓದುವುದು ಬೇರೆ ಥರ ಇರಬಹುದು. ಪ್ರೈವೇಟ್ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಲೆಕ್ಕ ಬೇರೆ. ಅಲ್ಲಿ ನಾಲ್ಕು ವರ್ಷದ ಕೋರ್ಸ್ ಇರಬಹುದು, ಫೀಸೂ ಹಾಗೇ.

ಸೇರಲು ಪಿಯುಸಿ ಪಾಸಾಗಿರಬೇಕು. ಕಲಾ, ವಾಣಿಜ್ಯ, ವಿಜ್ಞಾನ ಯಾವುದಾದರೂ ನಡೆಯುತ್ತದೆ. ಸಿಇಟಿ ಬೇಕಿಲ್ಲ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಕಾಲೇಜುಗಳಿಗೆ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ದೂರಶಿಕ್ಷಣದ ಮೂಲಕವೂ ಮಾಡಬಹುದು. ಅಲ್ಲೂ ಕ್ಷೇತ್ರಕಾರ್ಯ ತಪ್ಪುವುದಿಲ್ಲ.

## ಕೆಲಸ ಎಲ್ಲಿ ಸಿಗುತ್ತದೆ

ಇದನ್ನು ಸಕ್ಕರೆ ಹಾಕದೆ ಹೇಳುವುದು ಒಳ್ಳೆಯದು. ಬಿಎಸ್‌ಡಬ್ಲ್ಯೂ ಒಂದರಿಂದಲೇ ಸಿಗುವುದು ಹೆಚ್ಚಾಗಿ ತಳಮಟ್ಟದ ಕೆಲಸಗಳು. ಸಂಸ್ಥೆಗಳಲ್ಲಿ ಕ್ಷೇತ್ರ ಕಾರ್ಯಕರ್ತ, ಸಮುದಾಯ ಸಂಘಟಕ, ಮಕ್ಕಳ ರಕ್ಷಣೆಯ ಯೋಜನೆಗಳಲ್ಲಿ ಹೊರಗೆ ಓಡಾಡುವ ಕೆಲಸ, ಹಾಸ್ಟೆಲ್ ಮತ್ತು ಪುನರ್ವಸತಿ ಕೇಂದ್ರಗಳಲ್ಲಿ ಮೇಲ್ವಿಚಾರಣೆ. ಹಲವು ಹುದ್ದೆಗಳು ಯೋಜನೆ ಇರುವಷ್ಟು ದಿನ ಮಾತ್ರ. ಗುತ್ತಿಗೆ ಕೆಲಸ. ಸಂಬಳ ದೊಡ್ಡದಲ್ಲ.

ಇದು ಪೂರ್ಣ ಪ್ರಮಾಣದ ಪದವಿ ಆದ್ದರಿಂದ ಯಾವುದೇ ಪದವಿ ಸಾಕು ಅನ್ನುವ ಪರೀಕ್ಷೆಗಳಿಗೆಲ್ಲ ಕೂರಬಹುದು. ಕೆಎಎಸ್, ಪಿಡಿಒ, ಬ್ಯಾಂಕ್ ಯಾವುದಾದರೂ ಸರಿ. ಗ್ರಾಮಸಭೆ ನೋಡಿದವರಿಗೆ ಪಿಡಿಒ ಹುದ್ದೆಯ ಕೆಲಸ ಹೊಸದೆನಿಸುವುದಿಲ್ಲ.

ಮೇಲಿನ ಬಾಗಿಲುಗಳಿಗೆ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ ಬೇಕು. ಅದಕ್ಕೆ ಇನ್ನೂ ಎರಡು ವರ್ಷ. ಅಲ್ಲಿ ದಾರಿ ಕವಲೊಡೆಯುತ್ತದೆ. ಆಸ್ಪತ್ರೆಯ ಕಡೆಗೆ ಹೋದವರು ವೈದ್ಯಕೀಯ ಸಮಾಜ ಕಾರ್ಯಕರ್ತರಾಗುತ್ತಾರೆ. ರೋಗಿಯ ಮನೆಯವರ ಜೊತೆ ಮಾತು, ಆಯುಷ್ಮಾನ್ ಕಾರ್ಡಿನ ಓಡಾಟ, ಡಿಸ್ಚಾರ್ಜ್ ಆದಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದೆಲ್ಲ ಅವರ ಪಾಲು. ಕಾರ್ಖಾನೆಯ ಕಡೆಗೆ ಹೋದವರು ಎಚ್‌ಆರ್ ಮತ್ತು ಕಾರ್ಮಿಕ ಕಲ್ಯಾಣ ಅಧಿಕಾರಿಗಳಾಗುತ್ತಾರೆ. 1948ರ ಕಾರ್ಖಾನೆ ಕಾಯ್ದೆ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣ ಅಧಿಕಾರಿ ಇರಲೇಬೇಕು ಅಂದಿತ್ತು. ಕಾರ್ಮಿಕರ ಸುರಕ್ಷತೆ, ಆರೋಗ್ಯದ ಬಗ್ಗೆ ಬಂದ 2020ರ ಸಂಹಿತೆಯಲ್ಲಿ ಆ ಸಂಖ್ಯೆ 250ಕ್ಕೆ ಇಳಿದಿದೆ. ಬೆಂಗಳೂರಿನ ಎಚ್‌ಆರ್ ಇಲಾಖೆಗಳಲ್ಲಿ ಎಂಎಸ್‌ಡಬ್ಲ್ಯೂ ಮಾಡಿದವರು ಅಷ್ಟೊಂದು ಇರುವುದಕ್ಕೆ ಇಂಥ ಹಳೆಯ ಕಾರಣಗಳಿವೆ.

ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ, ಇನ್ನೊಂದು ಕವಲು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು, ಉದಾಹರಣೆಗೆ ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಹೆಚ್ಚು ನಿವ್ವಳ ಲಾಭ ಇರುವವು, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆ ದುಡ್ಡು ಎಲ್ಲಿ, ಹೇಗೆ ಹೋಗಬೇಕು ಅಂತ ನೋಡಿಕೊಳ್ಳಲು ಜನ ಬೇಕಲ್ಲ?

ಮಾನಸಿಕ ಆರೋಗ್ಯದ ದಾರಿ ಉದ್ದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮನೋವೈದ್ಯಕೀಯ ಸಮಾಜ ಕಾರ್ಯಕರ್ತ ಅನ್ನಿಸಿಕೊಳ್ಳಲು ಎಂಎಸ್‌ಡಬ್ಲ್ಯೂ ಆದಮೇಲೆ ಆ ವಿಷಯದಲ್ಲಿ ಎರಡು ವರ್ಷದ ಎಂಫಿಲ್ ಆಗಿರಬೇಕು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಹೆಸರುವಾಸಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಎಂಫಿಲ್ ಪದವಿಯನ್ನೇ ನಿಲ್ಲಿಸಿದಾಗಲೂ ಈ ಕೋರ್ಸಿಗೆ 2025–26ರ ತನಕ ವಿನಾಯಿತಿ ಕೊಟ್ಟಿತ್ತು. ಮುಂದಿನ ವ್ಯವಸ್ಥೆ ಏನು ಅಂತ ಸೇರುವ ವರ್ಷದ ಅಧಿಸೂಚನೆ ನೋಡಿಯೇ ತಿಳಿದುಕೊಳ್ಳಬೇಕು.

ಇಲ್ಲೊಂದು ಚುರುಕಿನ ಪ್ರಶ್ನೆ ಬರುತ್ತದೆ. ಯಾವ ಪದವಿ ಮಾಡಿದವರೂ ಬಹುತೇಕ ಕಡೆ ಎಂಎಸ್‌ಡಬ್ಲ್ಯೂ ಸೇರಬಹುದು. ಬಿಎ, ಬಿಕಾಂ ಆದವರೂ ಬರುತ್ತಾರೆ. ಹಾಗಾದರೆ ಮೂರು ವರ್ಷ ಬಿಎಸ್‌ಡಬ್ಲ್ಯೂ ಯಾಕೆ? ಕಾಗದದ ಮೇಲೆ ನೋಡಿದರೆ ದೊಡ್ಡ ವ್ಯತ್ಯಾಸ ಇಲ್ಲ ಅಂತಲೇ ಹೇಳಬೇಕು. ವ್ಯತ್ಯಾಸ ಕಾಣುವುದು ಎಂಎಸ್‌ಡಬ್ಲ್ಯೂ ಮೊದಲ ತಿಂಗಳಲ್ಲಿ. ಬಿಕಾಂನಿಂದ ಬಂದವರು ಮೊದಲ ಮನೆ ಭೇಟಿಗೆ ಬೆವರುತ್ತಿರುವಾಗ, ಬಿಎಸ್‌ಡಬ್ಲ್ಯೂ ಮಾಡಿದವರು ಆಶಾ ಕಾರ್ಯಕರ್ತೆಯ ಫೋನ್ ನಂಬರ್ ತೆಗೆದುಕೊಂಡು ಬಂದಿರುತ್ತಾರೆ. ಇನ್ನೊಂದು ಲಾಭವೂ ಇದೆ. ಈ ಕೆಲಸ ನನಗೆ ಆಗಲ್ಲ ಅಂತ ಗೊತ್ತಾಗುವುದಿದ್ದರೆ ಹತ್ತೊಂಬತ್ತರಲ್ಲೇ ಗೊತ್ತಾಗುತ್ತದೆ. ಅದೇನೂ ಸಣ್ಣ ವಿಷಯವಲ್ಲ.

## ವಕೀಲರಿಗಿರುವ ಹಾಗೆ ಸನದು ಇದೆಯಾ?

ಇಲ್ಲ. ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ನರ್ಸ್‌ಗಳಿಗೆ ನೋಂದಣಿ ಇದೆ. ಭಾರತದಲ್ಲಿ ಎಲ್ಲ ಸಮಾಜ ಕಾರ್ಯಕರ್ತರಿಗೂ ಅನ್ವಯಿಸುವ ಅಂಥ ಮಂಡಳಿ ಇಲ್ಲ. ಹಾಗಾಗಿ ಬ್ಯಾನರಿನಲ್ಲಿ ಫೋಟೊ ಹಾಕಿಸಿಕೊಳ್ಳುವವರೂ ಸಮಾಜ ಸೇವಕರು, ಐದು ವರ್ಷ ಓದಿ ಬಂದವರೂ ಸಮಾಜ ಸೇವಕರು. ಇಂಗ್ಲೆಂಡಿನಲ್ಲಿ ಹೀಗಿಲ್ಲ. ಅಲ್ಲಿ ನೋಂದಣಿ ಇಲ್ಲದೆ "ಸೋಶಿಯಲ್ ವರ್ಕರ್" ಅಂತ ಹೇಳಿಕೊಂಡರೆ ಅಪರಾಧ.

ನಮ್ಮ ಕಾನೂನುಗಳಲ್ಲೂ ಈ ಗೊಂದಲ ಕಾಣುತ್ತದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಬಾಲನ್ಯಾಯ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಇರಬೇಕು. ಅವರ ಅರ್ಹತೆ ಏನು? ಮಕ್ಕಳ ಆರೋಗ್ಯ, ಶಿಕ್ಷಣ, ಕಲ್ಯಾಣದ ಕ್ಷೇತ್ರದಲ್ಲಿ ಏಳು ವರ್ಷದ ಕೆಲಸ. ಇಲ್ಲವೇ ಮಕ್ಕಳ ಮನಃಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನಿನ ಪದವಿ ಇದ್ದು ವೃತ್ತಿಯಲ್ಲಿರಬೇಕು. ಕಾಯ್ದೆಯ ಆ ಸಾಲಿನಲ್ಲಿ ಸಮಾಜ ಕಾರ್ಯ ಪದವಿಯ ಹೆಸರೇ ಇಲ್ಲ! ಇದನ್ನು ತರಗತಿಯಲ್ಲಿ ಮೊದಲ ಸಲ ಓದಿದಾಗ ನಾವೆಲ್ಲ ನಕ್ಕುಬಿಟ್ಟಿದ್ದೆವು.

ಸ್ವಲ್ಪ ಬದಲಾವಣೆ ಆಗಿದೆ. ಆರೋಗ್ಯ ಕ್ಷೇತ್ರದ ಪೂರಕ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕಾನೂನಿನ ಪಟ್ಟಿಯಲ್ಲಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಸೇರಿದ್ದಾರೆ. ಆರೋಗ್ಯ ಕ್ಷೇತ್ರದ ಹೊರಗಿನವರಿಗೆ ಅದು ಅನ್ವಯಿಸುವುದಿಲ್ಲ.

## ಸೇರುವ ಮುಂಚೆ ಕಾಲೇಜಿನಲ್ಲಿ ಏನು ಕೇಳಬೇಕು

ಕಟ್ಟಡ ಎಷ್ಟು ಮಹಡಿ ಅಂತ ನೋಡಬೇಡಿ. ಕ್ಷೇತ್ರಕಾರ್ಯದ ಬಗ್ಗೆ ಕೇಳಿ. ವಾರಕ್ಕೆ ಎಷ್ಟು ದಿನ ಕಳಿಸುತ್ತೀರಿ, ಯಾವ ಸಂಸ್ಥೆಗಳಿಗೆ, ಒಬ್ಬ ಮೇಷ್ಟ್ರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು, ಐಸಿ ನಿಜಕ್ಕೂ ನಡೆಯುತ್ತದೆಯಾ ಅಥವಾ ರಿಜಿಸ್ಟರ್‌ನಲ್ಲಿ ಸಹಿ ಮಾತ್ರವಾ. ಒಬ್ಬರ ಕೈಕೆಳಗೆ ನಲವತ್ತು ಜನ ಅಂದರೆ ವರದಿ ಯಾರು ಓದುತ್ತಾರೆ ಅಂತ ನೀವೇ ಲೆಕ್ಕ ಹಾಕಿ. ಕಲಿಸುವವರು ಸಮಾಜ ಕಾರ್ಯದಲ್ಲೇ ಓದಿದವರಾ ಅಂತಲೂ ಕೇಳಿ.

ಮನೆಯವರು ಫೀಸಿನ ಜೊತೆ ಓಡಾಟದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಫೀಲ್ಡ್‌ವರ್ಕ್ ಜಾಗ ಕಾಲೇಜಿನಿಂದ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರ ಇರಬಹುದು. ಬಸ್ ದಿನಕ್ಕೆರಡು ಇರಬಹುದು. ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆ ಇದೆ. ಹುಡುಗರಿಗೆ ವಿದ್ಯಾರ್ಥಿ ಪಾಸ್ ಇದ್ದರೂ ಅದು ಸಾಮಾನ್ಯವಾಗಿ ಮನೆ ಮತ್ತು ಕಾಲೇಜಿನ ನಡುವಿನ ದಾರಿಗೆ. ಫೀಲ್ಡಿಗೆ ಹೋಗುವ ಟಿಕೆಟ್ ಕೈಯಿಂದ.

ಸಾಧ್ಯವಾದರೆ ಒಬ್ಬ ಸೀನಿಯರ್‌ನ ಮಾತಾಡಿಸಿ. ಕಾಲೇಜಿನ ಹೊರಗೆ, ಟೀ ಅಂಗಡಿಯಲ್ಲಿ. ಮಾರ್ಗದರ್ಶಕರು ವರದಿಯನ್ನು ಹೇಗೆ ನೋಡುತ್ತಾರೆ, ತಿದ್ದುತ್ತಾರಾ ಅಂತ ಕೇಳಿ. ಹೆಸರು, ಊರು ಇರುವ ಪುಟಗಳನ್ನು ಅವರು ತೋರಿಸುವ ಹಾಗಿಲ್ಲ, ಅದು ಗುಟ್ಟಿನ ನಿಯಮಕ್ಕೆ ವಿರುದ್ಧ. ಆದರೆ ನನ್ನ ಮೇಡಂ ಎಳೆದಂಥ ಕೆಂಪು ಗೆರೆಗಳು ಅವರ ಪುಸ್ತಕದಲ್ಲಿ ಇವೆಯೋ ಇಲ್ಲವೋ ಅಂತ ಖಂಡಿತ ಹೇಳುತ್ತಾರೆ.